ಯಾರು ಯಾರ ಕೈಗೆ ನೀರು ಬಿಡಬೇಕು

ಕೆಲವರಿಗೆ ಎಲ್ಲಿಗೆ ಹೋದರೂ ನೆಂಟರು ಸಿಗುತ್ತಾರೆ. ನನಗೆ ಎಲ್ಲಿಗೆ ಹೋದರೂ ಯಾರದೋ ಹಬ್ಬ ಎದುರಾಗುತ್ತದೆ, ಅದೂ ತಲೆಬುಡ ತಿಳಿಯದ ಹಬ್ಬ. ನಂಜನಗೂಡು–ಟಿ. ನರಸೀಪುರ ರೂಟಿನಲ್ಲಿ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವನು ನಾನು. ಅಷ್ಟು ವರ್ಷ ಬೇರೆಯವರನ್ನು ಊರು ಮುಟ್ಟಿಸಿದ್ದಾಯಿತು, ಇನ್ನು ನಾವೂ ನಾಲ್ಕು ಊರು ನೋಡೋಣ ಎಂದು ನಿವೃತ್ತಿಯಾದ ವರ್ಷವೇ ನೇಪಾಳಕ್ಕೆ ಹೋದೆ. ಅಲ್ಲಿ ಒಂದು ಬೆಳಿಗ್ಗೆ ಹೋಟೆಲ್ಲಿನ ಬಾಗಿಲಲ್ಲಿ ಬೀದಿನಾಯಿಯೊಂದು ಮಲಗಿತ್ತು. ಹಚಾ ಎಂದು ಓಡಿಸಿದೆ. ಅದರ ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆಯಲ್ಲಿ ಕುಂಕುಮ ಇದ್ದದ್ದು ಅದು ಎದ್ದು ಓಡಿದ ಮೇಲೆ ಕಂಡಿತು. ಅವತ್ತು ನಾಯಿಗೆ ಪೂಜೆ ಮಾಡುವ ಹಬ್ಬವಂತೆ. ತಟ್ಟೆ ಹಿಡಿದು ನಿಂತಿದ್ದ ಹೋಟೆಲ್ಲಿನ ಯಜಮಾನಿ ನನಗೆ ಏನೇನೆಂದಳೋ ತಿಳಿಯಲಿಲ್ಲ. ತಿಳಿಯದೆ ಇದ್ದದ್ದೇ ಒಳ್ಳೆಯದಾಯಿತು.

ಆದರೆ ಥೈಲ್ಯಾಂಡಿನಲ್ಲಿ ಆದದ್ದರ ಮುಂದೆ ಇದು ಏನೂ ಅಲ್ಲ.

ಹೊರಟ ಕಾರಣ

ನನ್ನ ಅಕ್ಕನನ್ನು ಬನ್ನೂರಿಗೆ ಕೊಟ್ಟಿದೆ. ಅವಳಿಗೆ ಒಬ್ಬನೇ ಮಗ, ವಯಸ್ಸು ಮೂವತ್ತಾರು. ನಾಲೆ ನೀರಿನ ಗದ್ದೆ, ಕಬ್ಬು, ಎರಡು ಸೀಮೆಹಸು. ಬೀಡಿ ಇಲ್ಲ, ಬಾಟಲಿ ಇಲ್ಲ, ಹೆಂಡತಿಯೂ ಇಲ್ಲ. ಮನೆ ನೋಡಲು ಬಂದ ಹೆಣ್ಣಿನ ಕಡೆಯವರು ಉಪ್ಪಿಟ್ಟು, ಕೇಸರಿಬಾತು ತಿಂದು, ಹುಡುಗ ಎಲ್ಲಿ ಕೆಲಸದಲ್ಲಿದ್ದಾನೆ ಎಂದು ಕೇಳುತ್ತಿದ್ದರು. ವ್ಯವಸಾಯ ಎಂದ ಕೂಡಲೇ ಕೈ ತೊಳೆದುಕೊಂಡು ಎದ್ದು ಹೋಗುತ್ತಿದ್ದರು.

ಅಕ್ಕನ ಕೊನೆಯ ಆಸೆಯೆಲ್ಲ ಇದ್ದದ್ದು ಒಂದು ಮನೆಯ ಮೇಲೆ. ಚಿಕ್ಕಯ್ಯನಛತ್ರದ ಕಡೆಯವರು, ಈಗ ನಂಜನಗೂಡಿನಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಯಜಮಾನರು ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರು. ಊರೆಲ್ಲ ಅವರನ್ನು ಆರ್‌ಐ ಸಾಹೇಬರು ಎಂದೇ ಕರೆಯುತ್ತದೆ. ಅವರಿಗೆ ಒಬ್ಬಳೇ ಮಗಳು. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಮಾಲು ಸರಿ ಇದೆಯೇ ಇಲ್ಲವೇ ಎಂದು ನೋಡಿ ಸಹಿ ಹಾಕುವ ಕೆಲಸ. ನಮ್ಮವರೇ, ಜಾತಕವೂ ಕೂಡಿ ಬಂದಿತ್ತು. ನಾವು ಕಳಿಸಿದ ಜಾತಕದ ಮೇಲೆ ಸಾಹೇಬರು ಕಡತಕ್ಕೆ ಷರಾ ಬರೆಯುವ ಹಾಗೆ 'ಹುಡುಗನಿಗೆ ಸರ್ಕಾರಿ ಕೆಲಸ ಇಲ್ಲ' ಎಂದು ಒಂದೇ ಸಾಲು ಬರೆದು ವಾಪಸ್ ಕಳಿಸಿದ್ದರು. ಹುಡುಗನನ್ನು ನೋಡಿರಲೂ ಇಲ್ಲ. ಅವರ ಮಗಳನ್ನು ಯಾರೂ ಕೇಳಿದಂತೆಯೂ ಇರಲಿಲ್ಲ.

ಅಂಥದ್ದರಲ್ಲಿ ಮೈಸೂರಿನ ಟೂರ್ ಏಜೆಂಟ್ ಒಬ್ಬನ ಹತ್ತಿರ ನಾನು ಹೋಗಿದ್ದಾಗ, ಸಾಹೇಬರು ಹೆಂಡತಿ ಮಗಳ ಸಮೇತ ಏಪ್ರಿಲ್‌ನಲ್ಲಿ ಥೈಲ್ಯಾಂಡಿಗೆ ಹೆಸರು ಕೊಟ್ಟಿರುವುದು ಗೊತ್ತಾಯಿತು. ಅಕ್ಕನಿಗೆ ಫೋನ್ ಮಾಡಿದೆ. ಮೈಸೂರಿನ ದಸರಾ ನೋಡುವುದಕ್ಕೇ ದೂರ ಎನ್ನುತ್ತಿದ್ದವಳು ಮಾರನೆಯ ದಿನವೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದಳು, ಮಗನಿಗೂ ತೆಗೆಸಿದಳು. "ಐದ್ ದಿಸ ಒಂದೇ ತಾವು ಇರ್ತೀವಿ ಕನ್ಲಾ," ಎಂದಳು. "ನನ್ ಮಗನ್ ಮೊಕನಾದ್ರೂ ನೋಡ್ಲಿ. ಇದ್ರಲ್ಲೂ ಆಗ್ನಿಲ್ಲಾ ಅಂದ್ರೆ ಇನ್ ಯಾರ್ ಬಾಗ್ಲುಗೂ ನಾ ಓಗಕಿಲ್ಲ."

ವಿಮಾನ ನಿಲ್ದಾಣದಲ್ಲಿ ಸಾಹೇಬರು ನಮ್ಮ ಹುಡುಗನನ್ನು ಜಾತಕದ ಜೊತೆ ಕಳಿಸಿದ್ದ ಫೋಟೋದಿಂದಲೇ ಗುರುತು ಹಿಡಿದರು. "ಓ" ಎಂದರು. ಆಮೇಲೆ ಕುರ್ಚಿಗಳ ಸಾಲಿನ ಆ ತುದಿಗೆ ಹೋಗಿ ಕುಳಿತರು.

ಹೊರಡುವ ಮುಂಚೆ ಏಜೆಂಟ್ ಎಲ್ಲರಿಗೂ ಎರಡು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ ಎಂದಿದ್ದ. ಯಾಕಪ್ಪ ಎಂದು ಕೇಳಿದ್ದಕ್ಕೆ, ಅಲ್ಲಿಗೆ ಹೋದ ಮೇಲೆ ನಿಮಗೇ ಗೊತ್ತಾಗುತ್ತದೆ ಎಂದ. ನಾನೂ ಬಸ್ಸಿನಲ್ಲಿ, ಮುಂದೆ ರಸ್ತೆ ಸರಿ ಇದೆಯೇ ಎಂದು ಕೇಳಿದವರಿಗೆ ಇದೇ ಉತ್ತರ ಕೊಡುತ್ತಿದ್ದೆ.

ಮೊದಲ ಬಕೆಟ್ಟು

ನಾವು ಇಳಿದದ್ದು ಚಿಯಾಂಗ್ ಮಾಯ್ ಎಂಬ ಊರಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ನಡೆಸುವ ಗೆಸ್ಟ್‌ಹೌಸಿನಲ್ಲಿ. ಬೆಳಿಗ್ಗೆ ಎಲ್ಲರೂ ತಯಾರಾಗಿ ಗೇಟಿನ ಹೊರಗೆ ಬಂದೆವು. ಹಳೆಯ ಚಾಳಿ, ನಾನು ತಲೆ ಎಣಿಸಿದೆ. ಹದಿನಾಲ್ಕು ಸರಿಯಾಗಿತ್ತು. ರೈಟ್ ಎಂದೆ. ಎದುರು ಮನೆಯ ಹೆಂಗಸೊಬ್ಬಳು ಒಂದು ಬಕೆಟ್ ನೀರು ತಂದು ಅಕ್ಕನ ಮೇಲೆ ಸುರಿದಳು.

ಬಾಗಿಲಿಗೆ ನೀರು ಹಾಕುವವಳು ನೋಡದೆ ಎರಚಿದ್ದಾಳೆ ಎಂದುಕೊಂಡ ಅಕ್ಕ, ಬನ್ನೂರಿನ ಬೀದಿ ನಲ್ಲಿಯ ಮುಂದೆ ಆಡುವ ಮಾತುಗಳನ್ನೆಲ್ಲ ಅಲ್ಲೇ ಆಡಿದಳು. ಆ ಹೆಂಗಸು ನಗುತ್ತ ಎರಡೂ ಕೈ ಜೋಡಿಸಿ ತಲೆಬಾಗಿದಳು. ಅಕ್ಕನ ಸಿಟ್ಟು ಇಳಿಯಿತು. ಹೋಗಲಿ, ಪಾಪ, ತಪ್ಪಾಯಿತು ಎಂದು ಕೈ ಮುಗಿದಳಲ್ಲ ಎಂದಳು. ಆ ಹೆಂಗಸು ಒಳಗೆ ಹೋಗಿ ಇನ್ನೊಂದು ಬಕೆಟ್ ತಂದು ಸುರಿದಳು.

ಅಷ್ಟರಲ್ಲಿ ನಮ್ಮ ಗೈಡ್ ಬಂದಳು. ಅವಳೂ ನೆನೆದು ತೊಪ್ಪೆಯಾಗಿದ್ದಳು. ಅವಳ ಇಂಗ್ಲಿಷನ್ನು ಸಾಹೇಬರ ಮಗಳು ನಮಗೆ ಕನ್ನಡದಲ್ಲಿ ಹೇಳಿದಳು. ಇವತ್ತಿನಿಂದ ಇವರಿಗೆ ಹೊಸ ವರ್ಷ, ಮೂರು ದಿನದ ಹಬ್ಬ, ಹೆಸರು ಸೊಂಗ್‌ಕ್ರಾನ್. ನೀರೆರಚಿದರೆ ಹಳೆ ವರ್ಷದ ಕೊಳೆ ಹೋಗುತ್ತದೆ, ಅದು ಆಶೀರ್ವಾದವಿದ್ದಂತೆ, ಬೇಸರ ಮಾಡಿಕೊಳ್ಳಬಾರದು. ಆಶೀರ್ವಾದವಾದರೆ ತಲೆ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಸಾಲದೇ ಎಂದು ಅಕ್ಕ ಕೇಳಿದಳು. ಅದಕ್ಕೆ ಉತ್ತರ ಸಿಗುವ ಮುಂಚೆ ಡ್ರಮ್ಮುಗಳಲ್ಲಿ ನೀರು ತುಂಬಿದ ಗಾಡಿಯೊಂದು ಬಂತು.

ಆರ್‌ಐ ಸಾಹೇಬರು ಮೊಬೈಲನ್ನು ನಂಬುವವರಲ್ಲ. ಮೂರೂ ಜನರ ಪಾಸ್‌ಪೋರ್ಟು, ಟಿಕೆಟ್ಟು, ಅವುಗಳ ನಕಲು ಎಲ್ಲವನ್ನೂ ಬಟ್ಟೆ ರಟ್ಟಿನ ಫೈಲಿನಲ್ಲಿ ದಾರ ಕಟ್ಟಿ ಕಂಕುಳಲ್ಲಿ ಹಿಡಿದಿದ್ದರು. ಗಾಡಿಯ ಮೇಲಿನ ಹುಡುಗರು ಅವರತ್ತಲೇ ಬಕೆಟ್ ಎತ್ತಿದರು. ಸಾಹೇಬರು ಕೈ ಅಡ್ಡ ಹಿಡಿದು, ಇದು ರೆಕಾರ್ಡು, ಇದು ರೆಕಾರ್ಡು ಎಂದರು. ನಮ್ಮ ಹುಡುಗ ಜೇಬಿನಿಂದ ಬಿತ್ತನೆ ಭತ್ತದ ಖಾಲಿ ಪ್ಲಾಸ್ಟಿಕ್ ಚೀಲ ತೆಗೆದು, ಫೈಲನ್ನು ಅದರೊಳಗೆ ಹಾಕಿ, ಬಾಯಿ ತಿರುಚಿ ಗಂಟು ಹಾಕಿ, ಸಾಹೇಬರಿಗೆ ಬೆನ್ನು ಕೊಟ್ಟು ನಿಂತ. ಡ್ರಮ್ಮಿನ ನೀರೆಲ್ಲ ಅವನ ಮೇಲೆ ಬಿತ್ತು.

ಗಾಡಿ ಹೋದ ಮೇಲೆ ಸಾಹೇಬರು ಗಂಟು ಬಿಚ್ಚಿ ಒಂದೊಂದು ಹಾಳೆಯನ್ನೂ ಮುಟ್ಟಿ ನೋಡಿದರು. ಒಂದು ಹನಿಯೂ ಇರಲಿಲ್ಲ. ಅಕ್ಕ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಒಳ್ಳೇ ಹುಡುಗ ಕಣ್ರೀ," ಎಂದು ಸಾಹೇಬರು ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. "ಒಂದು ಸರ್ಕಾರಿ ಕೆಲಸ ಇದ್ದಿದ್ರೆ."

ಗೊಣ್ಣೆಹುಳು

ಆ ಊರಿನ ಸುತ್ತ ಕೋಟೆಯ ಕಂದಕವಿದೆ. ಎರಚುವ ನೀರನ್ನೆಲ್ಲ ಜನ ಅಲ್ಲಿಂದಲೇ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಸೇದುತ್ತಾರೆ. ಮಧ್ಯಾಹ್ನ ಅಲ್ಲಿಗೆ ಹೋದಾಗ ಒಬ್ಬ ಮುದುಕಿ ಸೇದಲಾರದೆ ನಿಂತಿದ್ದಳು. ನಮ್ಮ ಹುಡುಗ ಹೋಗಿ ಹಗ್ಗ ಹಿಡಿದ. ಅವನು ಸೇದುವ ಗತ್ತು ನೋಡಿ ಇನ್ನೂ ನಾಲ್ಕು ಜನ ತಮ್ಮ ಬಕೆಟ್ಟುಗಳನ್ನು ತಂದಿಟ್ಟರು. ಹಬ್ಬಕ್ಕೆಂದು ಹೋದವನು ಅರ್ಧ ಚಿಯಾಂಗ್ ಮಾಯ್‌ಗೆ ನೀರು ಸೇದಿಕೊಟ್ಟ. ಅಷ್ಟು ನೀರನ್ನು ಗದ್ದೆಗೆ ಹಾಯಿಸದೆ ರಸ್ತೆಗೆ ಸುರಿಯುತ್ತಾರಲ್ಲ ಎಂದು ಅವನ ಮುಖದಲ್ಲಿ ಸಂಕಟ ಮಾತ್ರ ಕಾಣುತ್ತಿತ್ತು.

ಆಗ ಸಾಹೇಬರ ಮಗಳು ಹೋಗಿ ಅವನ ಪಕ್ಕದಲ್ಲಿ ನಿಂತಳು. ಏನೋ ಕೇಳಿದಳು. ಅವನು ಏನೋ ಹೇಳಿದ. ಅಕ್ಕ ನನ್ನ ರಟ್ಟೆ ಹಿಡಿದು, ಹೋಗಿ ಕೇಳಿಕೊಂಡು ಬಾ ಎಂದು ತಳ್ಳಿದಳು. ಈ ವಯಸ್ಸಿನಲ್ಲಿ ಇದೂ ಒಂದು ಕೆಲಸ ಎಂದು ಬೈದುಕೊಂಡು ನಾನು ಮರದ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

"ಏನ್ ಯೋಳ್ತಾವ್ನೆ?" ಎಂದು ಅಕ್ಕ ಕೇಳಿದಳು.

ಕಬ್ಬಿನ ಬುಡಕ್ಕೆ ಗೊಣ್ಣೆಹುಳು ಬಿದ್ದದ್ದು ಹೇಗೆ ಎಂದು ಹೇಳುತ್ತಿದ್ದಾನೆ ಎಂದೆ. ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಮೂವತ್ತಾರು ವರ್ಷ ಸಾಕಿದ್ದು ಇದಕ್ಕೇನಾ ಎಂದಳು. ಆಮೇಲೆ ಹೆದರುತ್ತ ಹೆದರುತ್ತ, ಅವಳು ಅದಕ್ಕೆ ಏನೆಂದಳು ಎಂದು ಕೇಳಿದಳು.

"ಆಮೇಲೇನಾಯ್ತು ಅಂದಳು," ಎಂದೆ.

ಮೂರು ಬೆರಳು

ನಮ್ಮ ಜೊತೆ ನಂಜನಗೂಡಿನಲ್ಲಿ ಗುದ್ದಲಿ, ಹಗ್ಗ, ಪೈಪು ಮಾರುವ ಅಂಗಡಿಯ ಯಜಮಾನರೊಬ್ಬರು ಬಂದಿದ್ದರು. ಮಠಕ್ಕೆ ನಡೆದುಕೊಳ್ಳುವವರು, ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಎಳೆ ವಿಭೂತಿ. ವಿಭೂತಿಯಿಲ್ಲದ ಅವರ ಹಣೆಯನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಹಬ್ಬದ ನೀರಿಗೆ ಅದು ಪೂರ್ತಿ ತೊಳೆದುಹೋಗಿತ್ತು. ವಿಭೂತಿ ಗಟ್ಟಿ ಇದ್ದದ್ದು ಗೆಸ್ಟ್‌ಹೌಸಿನ ಪೆಟ್ಟಿಗೆಯಲ್ಲಿ. ಬೋಳು ಹಣೆ ಹೊತ್ತು ಬೀದಿಯಲ್ಲಿ ನಿಂತೆನಲ್ಲ ಎಂದು ಅವರು ಟವೆಲ್ಲನ್ನು ಹುಬ್ಬಿನವರೆಗೆ ಎಳೆದುಕೊಂಡು ನಡೆಯುತ್ತಿದ್ದರು. ಹಬ್ಬದ ಹೆಸರು ಕೇಳಿದ ಮೇಲೆ ಇದು ನಮ್ಮ ಸಂಕ್ರಾಂತಿಯ ನೆಂಟನೇ ಇರಬೇಕು ಎಂದು ಅವರಿಗೆ ಖಾತ್ರಿಯಾಗಿತ್ತು. ಎಳ್ಳು ಬೆಲ್ಲ ಎಲ್ಲಿ ಕೊಡುತ್ತಾರೆ ಎಂದು ಎರಡು ಸಲ ವಿಚಾರಿಸಿದರು.

ಅಷ್ಟರಲ್ಲಿ ಬೆಳ್ಳಿ ಬಟ್ಟಲು ಹಿಡಿದ ಯುವಕನೊಬ್ಬ ಎದುರಿಗೆ ಬಂದ. ಬಟ್ಟಲಲ್ಲಿ ಬಿಳಿಯ ಮಣ್ಣನ್ನು ನೀರಲ್ಲಿ ಕಲಸಿದ್ದು ಇತ್ತು. ಹಬ್ಬದಲ್ಲಿ ಅದನ್ನು ಒಬ್ಬರ ಕೆನ್ನೆಗೆ ಒಬ್ಬರು ಬಳಿಯುತ್ತಾರೆ. ಅವನು ಭಕ್ತಿಯಿಂದ ಯಜಮಾನರ ಎರಡೂ ಕೆನ್ನೆಗೆ ಬಳಿದ. ಯಜಮಾನರು ಕೆನ್ನೆ ಮುಟ್ಟಿ, ಬೆರಳು ನೋಡಿಕೊಂಡರು. ಆಮೇಲೆ ಆ ಯುವಕನ ಕೈ ಹಿಡಿದುಕೊಂಡರು. ವಸ್ತು ಸರಿಯಾಗಿದೆ ಕಣಪ್ಪ, ಜಾಗ ತಪ್ಪು ಎಂದರು. ಬಟ್ಟಲಿಗೆ ಮೂರು ಬೆರಳು ಅದ್ದಿ ತಮ್ಮ ಹಣೆಗೆ ಎಳೆದುಕೊಂಡರು. ಇನ್ನೊಂದು ಸಲ ಅದ್ದಿ ಅವನ ಹಣೆಗೂ ಎಳೆದರು.

ಆ ಯುವಕನಿಗೆ ಖುಷಿಯೋ ಖುಷಿ. ಅವನು ಮೊಬೈಲಿನಲ್ಲಿ ಮುಖ ನೋಡಿಕೊಂಡು ಗೆಳೆಯರನ್ನು ಕರೆದ. ಅವರ ಹಿಂದೆ ಹುಡುಗಿಯರು, ಹುಡುಗಿಯರ ಹಿಂದೆ ಬಿಳಿಯರು. ಸಾಲು ನಿಂತಿತು. ಯಜಮಾನರು ಯಾರಿಗೂ ಇಲ್ಲ ಎನ್ನಲಿಲ್ಲ. ಬಗ್ಗಿದವರ ತಲೆ ಮೇಲೆ ಕೈಯಿಟ್ಟು ಹರಸಿದರು. ಮೂರು ಎಳೆ ಸಮನಾಗಿ ಬರದಿದ್ದರೆ ಅಳಿಸಿ ಮತ್ತೆ ಎಳೆದರು. ಇದು ಯಾವ ತಂಡದ ಗುರುತು ಎಂದು ಪೊಲೀಸಿನವನೊಬ್ಬ ಬಂದು ವಿಚಾರಿಸಿದ. ಅವನೂ ಹಚ್ಚಿಸಿಕೊಂಡು ಹೋದ.

ಸಂಜೆ ಯಜಮಾನರು ಜಗಲಿಯಲ್ಲಿ ಕುಳಿತಿದ್ದರು. ಕಣ್ಣು ತುಂಬಿತ್ತು. ಏನಾಯಿತು ಸ್ವಾಮಿ ಎಂದೆ.

"ಇಪ್ಪತ್ತೈದ್ ವರ್ಷದಿಂದ ಬಡ್ಕೊತಿದೀನಿ, ನನ್ನ ಮಗನ ಹಣೆಗೆ ಹಚ್ಸಾಕಾಗಿಲ್ಲ," ಎಂದರು. "ಇಲ್ಲಿ ನೋಡಿದ್ರೆ ಕ್ಯೂ ನಿಂತವ್ರೆ."

ಮರಳಿನ ಪರ್ಮಿಟ್ಟು

ಎರಡನೆಯ ದಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಬುದ್ಧನ ಗುಡಿ. ಗೇಟಿನ ಹತ್ತಿರ ಹೋಗುತ್ತಿದ್ದಂತೆ ಆರ್‌ಐ ಸಾಹೇಬರು ತಟ್ಟನೆ ನಿಂತರು. ಜನ ಬಕೆಟ್ಟಿನಲ್ಲಿ, ಬುಟ್ಟಿಯಲ್ಲಿ, ಕೆಲವರು ಬೆಳ್ಳಿ ಬಟ್ಟಲಲ್ಲಿ ಮರಳು ಹೊತ್ತು ಸಾಲಾಗಿ ಒಳಗೆ ಹೋಗುತ್ತಿದ್ದರು. ಅಂಗಳದಲ್ಲಿ ಲಾರಿಗಟ್ಟಲೆ ಮರಳು ಬಿದ್ದಿತ್ತು.

ಸಾಹೇಬರ ಸರ್ವೀಸಿನ ಅರ್ಧ ಕಳೆದದ್ದು ನರಸೀಪುರದ ಹೊಳೆ ದಂಡೆಯಲ್ಲಿ, ಮರಳು ಲಾರಿಗಳ ಹಿಂದೆ. ನಿವೃತ್ತಿಯಾಗಿ ಆರು ವರ್ಷವಾದರೂ ಮರಳು ಕಂಡರೆ ಅವರ ಕೈ ಪೆನ್ನಿಗೆ ಹೋಗುತ್ತದೆ. ಒಬ್ಬ ಅಜ್ಜನನ್ನು ಅಡ್ಡಗಟ್ಟಿ, ಪರ್ಮಿಟ್ ಎಲ್ಲಿ, ಯಾವ ಹೊಳೆಯದು ಎಂದು ಕನ್ನಡದಲ್ಲೇ ಕೇಳಿದರು. ಅಜ್ಜ ನಕ್ಕು ಒಂದು ಹಿಡಿ ಮರಳನ್ನು ಅವರ ಕೈಗೂ ಹಾಕಿದ. ಸಾಹೇಬರು ಮರಳನ್ನು ಉಜ್ಜಿ ನೋಡಿ, ಫಸ್ಟ್ ಕ್ವಾಲಿಟಿ, ಹೊಳೆ ಮರಳೇ ಎಂದು ನನ್ನ ಕಿವಿಯಲ್ಲಿ ಹೇಳಿದರು. ದೇವಸ್ಥಾನದ ಹೆಸರಲ್ಲಿ ದಾಸ್ತಾನು ಮಾಡುತ್ತಿದ್ದಾರೆ, ನಮ್ಮ ಕಡೆಯೂ ಹೀಗೇ ಶುರುವಾಯಿತು ಎಂದರು.

ಮಗಳು ಗೈಡನ್ನು ಕೇಳಿ ಬಂದು ವಿವರಿಸಿದಳು. ವರ್ಷವಿಡೀ ಗುಡಿಗೆ ಬಂದು ಹೋಗುವಾಗ ಜನರ ಕಾಲಿಗೆ ಅಂಟಿಕೊಂಡು ಗುಡಿಯ ಮರಳು ಹೊರಗೆ ಹೋಗುತ್ತದಂತೆ. ಅದು ದೇವರ ಮನೆಯ ಸ್ವತ್ತು, ತಿಳಿಯದೆ ಒಯ್ದರೂ ಪಾಪ. ಅದಕ್ಕೇ ವರ್ಷಕ್ಕೊಮ್ಮೆ ಈ ಹಬ್ಬದಲ್ಲಿ ಅಷ್ಟು ಮರಳು ತಂದು ವಾಪಸ್ ಒಪ್ಪಿಸಿ, ಗೋಪುರ ಮಾಡಿ, ಬಾವುಟ ನೆಟ್ಟು ಹೋಗುತ್ತಾರೆ.

ಸಾಹೇಬರು ಅದನ್ನು ಎರಡು ಸಲ ಹೇಳಿಸಿಕೊಂಡರು. ಕಾಲಿಗೆ ಅಂಟಿದ್ದಕ್ಕಾ ಎಂದು ಕೇಳಿದರು. ಹೌದಪ್ಪ ಎಂದಳು ಮಗಳು. ಅವರು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನು ನೀರಿನ ಬಾಟಲಿ ಕೊಟ್ಟೆ.

"ಮೂವತ್ತೈದು ವರ್ಷ ಸರ್ವೀಸು ಕಣ್ರೀ," ಎಂದರು. "ಒಬ್ಬನೇ ಒಬ್ಬ ಒಂದು ಬಾಂಡ್ಲಿ ವಾಪಸ್ ತಂದು ಸುರೀಲಿಲ್ಲ."

ನಾವು ಹೊರಡುವ ಹೊತ್ತಿಗೆ ನಮ್ಮ ಹುಡುಗ ಮತ್ತು ಸಾಹೇಬರ ಮಗಳು ಸೇರಿ ಮೊಳದುದ್ದದ ಗೋಪುರವೊಂದನ್ನು ಮಾಡಿದ್ದರು. ಗೇಟಿನ ಹತ್ತಿರ ಬಂದಾಗ ಹುಡುಗ ನಿಂತು, ಎರಡೂ ಚಪ್ಪಲಿ ಕಳಚಿ, ಅಂಗಳದ ಕಡೆ ತಿರುಗಿಸಿ ಕೊಡವಿ ಮತ್ತೆ ಹಾಕಿಕೊಂಡ. ಸಾಹೇಬರು ಅದನ್ನು ನೋಡಿದರು. ಅವತ್ತು ಅವರು ಸರ್ಕಾರಿ ಕೆಲಸದ ಮಾತೆತ್ತಲಿಲ್ಲ. ಅಕ್ಕ ಮಾತ್ರ, ಒಪ್ಪಿದರೋ ಬೇಡವೆಂದು ತೀರ್ಮಾನಿಸಿ ಸುಮ್ಮನಾದರೋ ಗೊತ್ತಾಗದೆ ರಾತ್ರಿ ಊಟ ಬಿಟ್ಟಳು.

ಕೈಗೆ ನೀರು

ಮೂರನೆಯ ದಿನ ಗೈಡ್ ಬರಲಿಲ್ಲ. ಹಬ್ಬದ ಆ ದಿನ ಎಲ್ಲರೂ ತಮ್ಮ ತಮ್ಮ ಹಿರಿಯರ ಹತ್ತಿರ ಹೋಗಬೇಕಂತೆ, ಅವಳು ತಾಯಿಯ ಮನೆಗೆ ಹೋಗಿದ್ದಳು. ನಮ್ಮ ಗುಂಪಿನ ಅರ್ಧದಷ್ಟು ಜನ ಸಂತೆಗೆ ಹೋಗಿದ್ದರು. ಉಳಿದವರು ನಾನು, ಅಕ್ಕ, ಅವಳ ಮಗ, ಆರ್‌ಐ ಸಾಹೇಬರ ಸಂಸಾರ ಮತ್ತು ವಿಭೂತಿ ಯಜಮಾನರು. ಗೆಸ್ಟ್‌ಹೌಸಿನ ಅಜ್ಜಿಗೆ ಇಂಗ್ಲಿಷ್ ಬಾರದು, ನಮಗೆ ಅವರ ಭಾಷೆ ಬಾರದು.

ಅಜ್ಜಿ ರೇಷ್ಮೆ ಉಟ್ಟು ಬಂದು ಜಗಲಿಯಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿ ಹಿರಿಯರನ್ನೆಲ್ಲ ಕೂರಿಸಿದರು. ಮುಂದೆ ಒಂದು ಚಾಪೆ. ಚಿಕ್ಕ ವಯಸ್ಸಿನವರೆಂದರೆ ಇಬ್ಬರೇ, ನಮ್ಮ ಹುಡುಗ ಮತ್ತು ಸಾಹೇಬರ ಮಗಳು. ಅವರನ್ನು ಚಾಪೆಯ ಮೇಲೆ ಪಕ್ಕಪಕ್ಕದಲ್ಲಿ ಕೂರಿಸಿದರು. ಇಬ್ಬರ ಕೈಯಲ್ಲೂ ಒಂದೊಂದು ಮಲ್ಲಿಗೆ ಹಾರ ಕೊಟ್ಟರು. ಅಕ್ಕ ನನ್ನ ಮೊಣಕೈ ತಿವಿದಳು.

ಆಮೇಲೆ ಬೆಳ್ಳಿ ಬೋಗುಣಿಯಲ್ಲಿ ನೀರು ಬಂತು. ಹಳದಿ ಬಣ್ಣ, ಮೇಲೆ ಹೂವಿನ ಎಸಳು ತೇಲುತ್ತಿದ್ದವು. ಅಕ್ಕ ಮೂಗರಳಿಸಿದಳು. "ಸೀಗೇಕಾಯಿ ನೀರು ಕನ್ಲಾ," ಎಂದು ಪಿಸುಗುಟ್ಟಿದಳು. ನಿಜವಾಗಿಯೂ ಅದರಲ್ಲಿ ಸೀಗೆಕಾಯಿ ಬಿದ್ದಿತ್ತು. ಪಕ್ಕದಲ್ಲಿ ನೀರು ಹಿಡಿಯಲು ಇನ್ನೊಂದು ಖಾಲಿ ಬೋಗುಣಿ ಇಟ್ಟರು.

ಅಲ್ಲಿನ ಪದ್ಧತಿ ಏನೆಂದರೆ, ಚಿಕ್ಕವರು ಹಿರಿಯರ ಅಂಗೈಗೆ ಆ ನೀರು ಬಿಡಬೇಕು, ಹಾರ ಕೊಟ್ಟು ನಮಸ್ಕಾರ ಮಾಡಬೇಕು, ಹಿರಿಯರು ಹರಸಬೇಕು. ಇದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅಜ್ಜಿ ಬೋಗುಣಿಯನ್ನು ಸಾಹೇಬರ ಪಕ್ಕದಲ್ಲಿಟ್ಟು, ಒಂದು ಕೈಯಿಂದ ಇನ್ನೊಂದು ಕೈಗೆ ಸುರಿಯುವ ಹಾಗೆ ಸನ್ನೆ ಮಾಡಿ ತೋರಿಸಿದರು. ಎಷ್ಟೋ ಸಭೆಗಳಲ್ಲಿ ದೀಪ ಹಚ್ಚಿ, ಗಿಡಕ್ಕೆ ನೀರು ಹಾಕಿ ರೂಢಿಯಿದ್ದ ಸಾಹೇಬರಿಗೆ ಸಂಶಯವೇ ಬರಲಿಲ್ಲ. ಎದ್ದರು, ಪಂಚೆ ಸರಿಮಾಡಿಕೊಂಡರು, ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿದರು. ಇಬ್ಬರೂ ಕೈ ಚಾಚಿ ಎಂದರು.

ಇಬ್ಬರೂ ಕೈ ಚಾಚಿದರು. ಕೆಳಗಿನ ಬೋಗುಣಿ ಚಿಕ್ಕದು. ನೀರು ಹೊರಗೆ ಚೆಲ್ಲಬಾರದೆಂದು ಹುಡುಗ ಅಂಗೈ ಬೊಗಸೆ ಮಾಡಿ ಕೆಳಗೆ ಹಿಡಿದ, ಹುಡುಗಿ ಅದರ ಮೇಲೆ ತನ್ನ ಕೈ ಇಟ್ಟಳು. ಮೇಲೆ ಎರಡೂ ಹಾರ ಇದ್ದವು. ಸಾಹೇಬರು ನೀರು ಬಿಟ್ಟರು.

ಅರ್ಧ ನೀರು ಇಳಿದಿತ್ತು. ಮಗಳ ಕೈಯನ್ನೂ ಅದರ ಕೆಳಗಿನ ಕೈಯನ್ನೂ ನೋಡುತ್ತಿದ್ದಂತೆ ಅವರ ಕಣ್ಣಲ್ಲಿ ನೀರು ಇಳಿಯತೊಡಗಿತು. ಅದು ಏಕೆಂದು ಅವರಿಗೇ ಗೊತ್ತಾದ ಹಾಗೆ ಕಾಣಲಿಲ್ಲ. ಮೂರು ದಿನದಿಂದ ಒಂದು ಮಾತೂ ಆಡದಿದ್ದ ಅವರ ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡರು. ಅಕ್ಕ ಸೋಬಾನೆ ಶುರುಮಾಡಿದಳು. ವಿಭೂತಿ ಯಜಮಾನರು ಬೆರಳೆತ್ತಿ ಗಟ್ಟಿಮೇಳ ಎಂದರು. ಅದೇ ಹೊತ್ತಿಗೆ ಬೀದಿಯಲ್ಲಿ ಸ್ಪೀಕರ್ ಕಟ್ಟಿದ ಹಬ್ಬದ ಗಾಡಿಯೊಂದು ಡೋಲು ಬಾರಿಸಿಕೊಂಡು ಹೋಯಿತು. ಸೋದರಮಾವನ ಕೆಲಸ ಬಂತು ಎಂದು ನಾನು ಎದ್ದು ನಿಂತೆ. ಯಾವ ಕೆಲಸ ಎಂದು ಮಾತ್ರ ಹೊಳೆಯಲಿಲ್ಲ, ಸುಮ್ಮನೆ ಹೂವಿನ ಎಸಳು ಎತ್ತಿ ಇಬ್ಬರ ತಲೆಗೂ ಹಾಕಿದೆ.

ಅಜ್ಜಿ ದಿಕ್ಕು ತೋಚದೆ ನಿಂತಿದ್ದರು. ಹಬ್ಬ ತಲೆಕೆಳಗಾಗಿ ನಡೆಯುತ್ತಿದೆ, ಆದರೆ ಎಲ್ಲರೂ ಅಳುತ್ತಿದ್ದಾರೆ. ಭಾರತದಲ್ಲಿ ಹೀಗೇ ಇರಬೇಕು ಎಂದುಕೊಂಡರೋ ಏನೋ, ಅವರೂ ಕಣ್ಣೊರೆಸಿಕೊಂಡರು. ಒಳಗಿಂದ ಬಿಳಿಯ ದಾರ ತಂದು, ಏನೋ ಮಂತ್ರ ಹೇಳುತ್ತ ಇಬ್ಬರ ಮಣಿಕಟ್ಟಿಗೂ ಕಟ್ಟಿದರು. ಅಕ್ಕನಿಗೆ ಇನ್ನೇನು ಬೇಕು. "ಕಂಕಣನೂ ಆಯ್ತು ಕನ್ಲಾ," ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟಳು.

ಆಗ ಸಾಹೇಬರಿಗೆ ಎಚ್ಚರವಾಯಿತು. ಬೋಗುಣಿ ಕೆಳಗಿಟ್ಟು, ನಿಲ್ಲಿಸಿ, ಇದು ಮದುವೆಯಲ್ಲ ಎಂದರು. ಲಗ್ನವಿಲ್ಲ, ಮುಹೂರ್ತವಿಲ್ಲ, ಈ ಧಾರೆ ನಡೆಯುವುದಿಲ್ಲ ಎಂದರು. ಇದನ್ನು ಧಾರೆ ಎಂದು ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮಗಳು ಗೈಡಿಗೆ ಫೋನ್ ಮಾಡಿದಳು. ನೀರು ಬಿಡಬೇಕಾದವರು ಯಾರು, ಹಿಡಿಯಬೇಕಾದವರು ಯಾರು ಎಂದು ಆಗ ತಿಳಿಯಿತು. ದಾರವನ್ನು ಮೂರು ದಿನ ಬಿಚ್ಚಬಾರದೆಂದೂ ತಿಳಿಯಿತು. ಸಾಹೇಬರಿಗೆ ಜೀವ ಬಂದಂತಾಯಿತು. ನೋಡಿದ್ರಾ, ಎಲ್ಲ ತಪ್ಪು ತಿಳುವಳಿಕೆ, ಬಿಚ್ಚಮ್ಮ ಅದನ್ನ ಎಂದರು. ಅಕ್ಕನ ಮುಖ ನೋಡಲಾಗಲಿಲ್ಲ. ಅವಳ ಮಗ ತನ್ನ ದಾರದ ಗಂಟನ್ನು ಆಗಲೇ ಹುಡುಕುತ್ತಿದ್ದ.

ಹುಡುಗಿ ಅವನ ಕೈಯನ್ನು ತಡೆದಳು. ಅಪ್ಪನ ಕಡೆ ತಿರುಗಿದಳು.

"ಮದ್ವೆ ಅಲ್ಲ ಅಂದ್ರೆ ನೀನ್ಯಾಕಪ್ಪ ಅತ್ತೆ?"

"ನಾನೆಲ್ಲಿ ಅತ್ತೆ," ಎಂದರು ಸಾಹೇಬರು. "ಯಾರೋ ಕಣ್ಣಿಗೆ ನೀರು ಎರಚಿದ್ರು ಕಣಮ್ಮ. ಹಬ್ಬ ಅಲ್ವಾ."

ಜಗಲಿಯಲ್ಲಿ ಯಾರೂ ನೀರೆರಚಿರಲಿಲ್ಲ.

"ಇದು ಧಾರೆ ಅಲ್ಲ, ಒಪ್ಕೊತೀನಿ," ಎಂದಳು ಮಗಳು. "ಆದ್ರೆ ಈ ಹುಡುಗ ಬೇಡ ಅಂತ ನಾನ್ಯಾವತ್ತೂ ಹೇಳ್ಲಿಲ್ಲ. ಜಾತಕದ ಮೇಲೆ ನೀನು ಬರೆದು ಕಳಿಸ್ದೆ, ನನ್ನ ಒಂದು ಮಾತೂ ಕೇಳ್ಲಿಲ್ಲ."

ಸಾಹೇಬರು ಕುರ್ಚಿಗೆ ಮರಳಿ ಕುಳಿತರು. ಆಮೇಲೆ ನಮ್ಮ ಹುಡುಗನನ್ನು ಹತ್ತಿರ ಕರೆದು, ಗದ್ದೆಯ ಪಹಣಿ ಯಾರ ಹೆಸರಿನಲ್ಲಿದೆ, ಅಳತೆಯಾಗಿ ಪೋಡಿ ಆಗಿದೆಯೋ ಇಲ್ಲವೋ ಎಂದು ಕೇಳಿದರು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ರೆವಿನ್ಯೂದವರು ಪಹಣಿ ವಿಚಾರಿಸಿದರು ಎಂದರೆ ಅರ್ಧ ಕೆಲಸ ಆದ ಹಾಗೆ ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ.

ಆ ವರ್ಷ ಕಾರ್ತಿಕ ಕಳೆದ ಮೇಲೆ ನಂಜನಗೂಡಿನ ಛತ್ರದಲ್ಲಿ ಮದುವೆ ನಡೆಯಿತು. ಸರಿಯಾದ ಮುಹೂರ್ತ, ಸರಿಯಾದ ವಾಲಗ. ಸಾಹೇಬರು ಚೊಂಬು ಹಿಡಿದು, ಪುರೋಹಿತರು ಹೇಳಿದ ಹಾಗೆ ಧಾರೆ ಎರೆದರು. ಛತ್ರದಲ್ಲಿ ಎಲ್ಲರ ಕಣ್ಣೂ ಒದ್ದೆಯಾಗಿತ್ತು, ಅವರೊಬ್ಬರದು ಬಿಟ್ಟು. ಅವರ ಕಣ್ಣು ಇದ್ದಿಲಿನಂತೆ ಒಣಗಿತ್ತು. ಅಕ್ಕನಿಗೆ ತಳಮಳ ಶುರುವಾಯಿತು. ಹೆಣ್ಣಿನ ತಂದೆ ಒಂದು ಹನಿಯೂ ಹಾಕಲಿಲ್ಲವಲ್ಲ, ಇನ್ನೂ ಮನಸ್ಸಿಲ್ಲವೋ ಏನೋ, ಹೋಗಿ ಕೇಳು ಎಂದು ನನ್ನನ್ನು ತಳ್ಳಿದಳು. ಮಂಟಪದ ಹಿಂದಿನಿಂದ ಹೋಗಿ ಅವರ ಕಿವಿಯಲ್ಲಿ ಕೇಳಿದೆ.

ಸಾಹೇಬರು ಚೊಂಬನ್ನು ನನ್ನ ಕೈಗೆ ಕೊಟ್ಟು, ಒಲ್ಲಿಯಿಂದ ಕೈ ಒರೆಸಿಕೊಂಡರು.

"ಅದನ್ನ ಥೈಲ್ಯಾಂಡಲ್ಲೇ ಮುಗಿಸ್ಕೊಂಡ್ ಬಂದ್ನಲ್ಲ ಕಣ್ರೀ," ಎಂದರು.